ಗಾಡಿಯ ಎಡ, ಗಾಡಿಯ ಬಲ

ಮಾಬ್ಲೇಶ್ವರ ಹೊನ್ನಾವರ–ಕುಮಟಾ ಲೈನಿನಲ್ಲಿ ಇಪ್ಪತ್ತಾರು ವರ್ಷದಿಂದ ಟೆಂಪೋ ಹೊಡೆಯುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಮೆಟ್ಟಿದವನಲ್ಲ. ಹೆದ್ದಾರಿ ಅಗಲ ಮಾಡುತ್ತೇವೆಂದು ಅಗೆದು, ಇವತ್ತು ಈ ಬದಿಯಿಂದ ಹೋಗಿ, ನಾಳೆ ಆ ಬದಿಯಿಂದ ಹೋಗಿ ಎಂದು ಬೋರ್ಡು ಬದಲಿಸುತ್ತಿದ್ದ ಕಾಲದಲ್ಲೂ ಅವನ ಟೆಂಪೋಕ್ಕೆ ಒಂದು ಗೀರು ಬಿದ್ದಿರಲಿಲ್ಲ. ಈ ವಿಷಯವನ್ನು ಅವನೇ ದಿನಕ್ಕೆ ಎರಡು ಸಲವಾದರೂ ಯಾರಿಗಾದರೂ ಹೇಳುತ್ತಿದ್ದ. ಕೇಳಿ ಕೇಳಿ ಸಾಕಾದ ಅವನ ಹೆಂಡತಿ ಸೋಮಿ, ಅವನು "ಇಪ್ಪತ್ತಾರು" ಎಂದು ಬಾಯಿ ತೆರೆದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು.

ಜನವರಿಯ ಒಂದು ಭಾನುವಾರ ಕುಮಟಾದ ನಿತ್ಯಾನಂದ ಅವನ ಟೆಂಪೋವನ್ನು ಬಾಡಿಗೆಗೆ ಕರೆದ. ನಿತ್ಯಾನಂದನದು ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಪ್ಲಾಸ್ಟಿಕ್ ಪೈಪು, ಮೇಜು, ಹಲಗೆ, ಖಾಲಿ ಡ್ರಮ್ಮು ಎಲ್ಲ ತುಂಬಿಸಿ ಹಿರೇಗುತ್ತಿಯ ಒಂದು ಗದ್ದೆಗೆ ಮುಟ್ಟಿಸಬೇಕಿತ್ತು. ಯಾರದೋ ಮನೆಯ ಕಾರ್ಯಕ್ರಮ ಇರಬೇಕು ಎಂದುಕೊಂಡು ಹೋದ ಮಾಬ್ಲೇಶ್ವರನಿಗೆ ಅಲ್ಲಿ ಕಂಡದ್ದೇ ಬೇರೆ. ಕೊಯ್ಲು ಮುಗಿದ ಗದ್ದೆಯಲ್ಲಿ ಪೈಪು ಹಾಸಿ, ಹಾವಿನ ಹಾಗೆ ತಿರುವುಮುರುವಾದ ದಾರಿ ಮಾಡಿದರು. ನಡುವೆ ಮಣ್ಣು ಪೇರಿಸಿ ಗಾಡಿ ಹಾರುವುದಕ್ಕೊಂದು ದಿಬ್ಬ. ಧೂಳು ಏಳದಂತೆ ನೀರು ಚಿಮುಕಿಸಿದರು. ಡ್ರಮ್ಮಿನ ಮೇಲೆ ಹಲಗೆ ಇಟ್ಟು ಅಟ್ಟ ಕಟ್ಟಿ, ಕೈಯಲ್ಲಿ ರಿಮೋಟ್ ಹಿಡಿದ ನಾಲ್ಕು ಜನ ಅದರ ಮೇಲೆ ಹತ್ತಿ ನಿಂತರು. ಕೆಳಗೆ ಒಂದು ಮೊಳ ಉದ್ದದ ನಾಲ್ಕು ಗಾಡಿಗಳು ಜೇನು ಎದ್ದ ಹಾಗೆ ಸದ್ದು ಮಾಡುತ್ತ ಓಡತೊಡಗಿದವು.

"ಇದೆಂತದಾ ನಿತ್ಯಾ? ಇಷ್ಟು ದೊಡ್ಡವ್ರೆಲ್ಲ ಸೇರಿ ಗೊಂಬೆ ಗಾಡಿ ಓಡ್ಸೂಕೆ ನನ್ನ ಟೆಂಪೋ ತಂದದ್ದಾ?"

"ಗೊಂಬೆ ಅಲ್ಲ ಮಾಬ್ಲಣ್ಣ, ರೇಸು. ಒಮ್ಮೆ ನೋಡಿ."

ಮಾಬ್ಲೇಶ್ವರ ನೋಡಿದ. ಗಾಡಿಗಳು ಮೂಲೆಯಲ್ಲಿ ಜಾರುವುದನ್ನೂ ದಿಬ್ಬ ಹಾರಿ ಮಗುಚುವುದನ್ನೂ ಕಂಡು ಅವನಿಗೆ ನಗು ತಡೆಯಲಾಗಲಿಲ್ಲ. "ನಾಲ್ಕು ಚಕ್ರ, ಒಂದು ಸ್ಟೇರಿಂಗು. ಇದ್ರಲ್ಲಿ ಎಂತ ಕಷ್ಟ? ನಾನು ಇಪ್ಪತ್ತಾರು ವರ್ಷ..." ಎಂದು ಶುರುಮಾಡಿದ. ನಿತ್ಯಾನಂದ ಮಾತು ಮುಗಿಯಲು ಬಿಡದೆ ತನ್ನ ರಿಮೋಟನ್ನು ಅವನ ಕೈಗೆ ಕೊಟ್ಟ.

ರಿಮೋಟ್ ಪಿಸ್ತೂಲಿನ ಹಾಗಿತ್ತು. ಬೆರಳಿನಿಂದ ಕುದುರೆ ಎಳೆದರೆ ಗಾಡಿ ಮುಂದೆ ಹೋಗುತ್ತದೆ, ಬದಿಯ ಪುಟ್ಟ ಚಕ್ರ ತಿರುಗಿಸಿದರೆ ಗಾಡಿ ತಿರುಗುತ್ತದೆ. ಮೊದಲನೆಯ ಮೂಲೆಯವರೆಗೆ ಗಾಡಿ ಅವನಿಂದ ದೂರ ಹೋಗುತ್ತಿತ್ತು, ಹೇಳಿದ ಮಾತು ಕೇಳಿತು. ಮೂಲೆ ತಿರುಗಿ ಅವನ ಕಡೆಗೆ ಬರತೊಡಗಿದ್ದೇ ತಡ, ಎಲ್ಲ ಉಲ್ಟಾ ಆಯಿತು. ಬಲಕ್ಕೆ ಹೋಗಲೆಂದು ಚಕ್ರ ಬಲಕ್ಕೆ ತಿರುಗಿಸಿದ, ಗಾಡಿ ಅವನ ಎಡಕ್ಕೆ ನುಗ್ಗಿತು. ಗಾಬರಿಯಲ್ಲಿ ಇನ್ನಷ್ಟು ಬಲಕ್ಕೆ ತಿರುಗಿಸಿದ, ಕುದುರೆಯನ್ನೂ ಬಿಗಿಯಾಗಿ ಎಳೆದ. ಗಾಡಿ ಪೈಪು ಹಾರಿ, ಗದ್ದೆಯ ಬದುವಾದ ಹಾಳಿ ಹಾರಿ, ಆಚೆಯ ನೀರಿನ ಹೊಂಡಕ್ಕೆ ಬಿತ್ತು. ಎತ್ತಿ ನೋಡಿದರೆ ಮುಂದಿನ ಚಕ್ರ ಹಿಡಿದಿಡುವ ತೋಳು ಮುರಿದಿತ್ತು.

ಅಟ್ಟದ ಮೇಲಿದ್ದ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾರೆಂದು ನೋಡಿದರೆ ಸುಮಿತ. ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ನರ್ಸು, ಕುಮಟಾದಿಂದ ದಿನಾ ಬೆಳಿಗ್ಗೆ ಇವನ ಟೆಂಪೋದಲ್ಲೇ ಹೋಗುವವಳು.

"ಮಾಬ್ಲಣ್ಣ, ನಾಳೆಯಿಂದ ನಾನು ಬಸ್ಸಿಗೇ ಹೋಗ್ತೆ ಆತಾ?" ಎಂದಳು.

ಎಲ್ಲರೂ ನಕ್ಕರು. ಮಾಬ್ಲೇಶ್ವರನೂ ನಗಬೇಕಾಯಿತು. ಆದರೆ ಮರುದಿನ ಹೊನ್ನಾವರದ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, ಜೊತೆಯ ಡ್ರೈವರ್ ರವೀಂದ್ರ "ಏನಾ ಮಾಬ್ಲ, ಗೊಂಬೆ ಗಾಡಿ ಹೊಂಡಕ್ಕೆ ಹಾಕಿದ್ಯಂತೆ? ಪೊಲೀಸ್ರು ಬಂದಿದ್ರಾ?" ಎಂದು ಕೇಳಿದಾಗ ಅವನಿಗೆ ನಗು ಬರಲಿಲ್ಲ. ಕಿರಿಕಿರಿಯಾಯಿತು. ಆ ಕಿರಿಕಿರಿ ಮಂಗಳವಾರ ಹೋಗಲಿಲ್ಲ, ಬುಧವಾರವೂ ಹೋಗಲಿಲ್ಲ. ಗುರುವಾರ ಟೆಂಪೋವನ್ನು ಗ್ಯಾರೇಜಿಗೆ ಬಿಟ್ಟು, ಬಸ್ಸು ಹತ್ತಿ ಭಟ್ಕಳಕ್ಕೆ ಹೋದ. ಅಲ್ಲಿ ದುಬೈ ಸಾಮಾನು ಮಾರುವ ಅಂಗಡಿಯೊಂದರ ಗಾಜಿನ ಹಿಂದೆ ಇಂಥ ಗಾಡಿಗಳನ್ನು ಇಟ್ಟಿದ್ದಾರೆಂದು ಯಾರೋ ಹೇಳಿದ್ದರು.

ಅಂಗಡಿಯವರು ಬಿಳಿ ಗಡ್ಡದ ಹಿರಿಯರು, ಸಾವಧಾನದ ಮನುಷ್ಯ. "ರೋಡಿಗೆ ಬೇಕಾ, ಮಣ್ಣಿಗೆ ಬೇಕಾ ಭಾಯ್?" ಎಂದು ಎರಡು ಸಲ ಕೇಳಿದರು.

"ಗಾಡಿ ಅಂದ್ರೆ ಗಾಡಿ. ಜೋರು ಹೋಗುದು ಯಾವ್ದು, ಅದು ಕೊಡಿ."

ಅವರು ಕೊಟ್ಟದ್ದು ನೆಲಕ್ಕೆ ಅಂಟಿಕೊಂಡ ಹಾಗಿದ್ದ, ಕೆಂಪು ಬಣ್ಣದ, ನುಣ್ಣಗಿನ ಟಯರಿನ ಚಂದದ ಗಾಡಿ. ಭಾನುವಾರ ಅದನ್ನು ಹಿರೇಗುತ್ತಿಗೆ ಒಯ್ದಾಗ ನಿತ್ಯಾನಂದ ಹಣೆಗೆ ಕೈ ಹಚ್ಚಿಕೊಂಡ.

"ಮಾಬ್ಲಣ್ಣ, ಇದು ಡಾಂಬರು ರಸ್ತೆ ಗಾಡಿ. ಗದ್ದೇಲಿ ಹೊಟ್ಟೆ ಉಜ್ಜಿ ನಿಂತು ಹೋಗ್ತದೆ. ನನ್ನ ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀ ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವು ತಗಂಬುದು ನಂಗೆ ಹೆಂಗೆ ಗೊತ್ತು?"

ಹಾಗಾದರೂ ನಾಲ್ಕು ಮಾರು ಓಡಿಸಿ ನೋಡಿದ. ಗಾಡಿ ಕೊಯ್ದುಳಿದ ಭತ್ತದ ಕೂಳೆಗೆ ಸಿಕ್ಕಿ ನಿಂತಿತು, ಮುಂದಿನ ಕೆಂಪು ಬಣ್ಣವೆಲ್ಲ ತರಚಿತು. ಇನ್ನು ಅಂಗಡಿಗೆ ವಾಪಸು ಕೊಡುವ ಹಾಗೂ ಇಲ್ಲ. ಕಡೆಗೆ ಸುಮಿತಳೇ ಒಂದು ದಾರಿ ಮಾಡಿದಳು. ಅವಳ ಅಣ್ಣನಿಗೆ ಆ ಕೆಂಪು ಗಾಡಿ ಬೇಕಂತೆ, ಬದಲಿಗೆ ಅವನ ಹಳೆಯ ಬಗ್ಗಿ ಕೊಡುತ್ತಾನಂತೆ. ಬಗ್ಗಿ ಎಂದರೆ ಎತ್ತರದ ಕಾಲಿನ, ಮುಳ್ಳು ಟಯರಿನ, ಗದ್ದೆಗೆ ಸರಿಯಾದ ಗಾಡಿ. ಇದರ ಮೇಲುಹೊದಿಕೆ ಎರಡು ಕಡೆ ಒಡೆದು ಟೇಪು ಸುತ್ತಿದ್ದರು. ಹೊಸ ಗಾಡಿ ಕೊಟ್ಟು ಮುದಿ ಗಾಡಿ ತಂದವನೆಂದು ಸೋಮಿ ಎರಡು ದಿನ ಬೈದಳು.

ಮನೆ ಕರ್ಕಿಯಲ್ಲಿ. ಮನೆಯ ಮುಂದೆ ಅಗಲವಾದ ಅಂಗಳ, ಅಂಗಳದಾಚೆ ಎರಡು ಸಾಲು ತೆಂಗು. ಮಾಬ್ಲೇಶ್ವರ ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬಂದವನು ಊಟ ಬಿಟ್ಟು ರಿಮೋಟ್ ಹಿಡಿಯುತ್ತಿದ್ದ. ನಿತ್ಯಾನಂದ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮೊದ್ಲು ನಿಧಾನ ಓಡ್ಸಿ. ರಿಮೋಟಿನಲ್ಲಿ ಒಂದು ತಿರುಪು ಉಂಟು, ಅದನ್ನ ಅರ್ಧಕ್ಕಿಟ್ರೆ ಗಾಡಿ ಜೋರು ಹೋಗುದಿಲ್ಲ." ಈ ಮಾತು ಕೇಳಿ ಮಾಬ್ಲೇಶ್ವರನಿಗೆ ಅವಮಾನವಾಯಿತು. ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರನ್ನು ಹಿಂದೆ ಹಾಕುವವನಿಗೆ ನಿಧಾನ ಕಲಿಸುವುದೇ? ತಿರುಪನ್ನು ಪೂರ್ತಿಗೇ ಇಟ್ಟ.

ಮೊದಲ ದಿನ ಗಾಡಿ ತುಳಸಿಕಟ್ಟೆಗೆ ಬಡಿಯಿತು. ಎರಡನೆಯ ದಿನ ತೆಂಗಿನ ಬುಡಕ್ಕೆ. ಮೂರನೆಯ ದಿನ, ಚಾಪೆಯ ಮೇಲೆ ಒಣಹಾಕಿದ್ದ ಮೆಣಸಿನ ನಡುವೆ ನುಗ್ಗಿ, ಹಿಂದಿನ ಚಕ್ರ ಎರಡೂ ಗರಗರ ತಿರುಗಿ ಮೆಣಸನ್ನೆಲ್ಲ ಅಂಗಳಕ್ಕೆ ಎರಚಿತು. ಸೋಮಿ ಪೊರಕೆ ಹಿಡಿದೇ ಹೊರಗೆ ಬಂದಳು.

"ಎಂತ ಇದು? ಎಂತ ಇದು ಅಂತ ಕೇಳ್ತೆ ನಾನು!"

"ಅದು ನನ್ ಕಡೆ ಬರ್ವಾಗ ಉಲ್ಟಾ ಆಗ್ತದೆ ಮಾರಾಯ್ತಿ. ಬಲ ಅಂದ್ರೆ ಎಡ ಹೋಗ್ತದೆ."

"ನಿಮ್ಮ ತಲೆ ಉಲ್ಟಾ ಆದದ್ದು. ಮೆಣಸು ಹೆಕ್ಕಿ."

ಹೆಕ್ಕಿದ. ಹೆಕ್ಕಿದ ಕೈಯಿಂದ ಕಣ್ಣು ಉಜ್ಜಿಕೊಂಡು, ಬಾವಿಕಟ್ಟೆಯಲ್ಲಿ ಅರ್ಧ ಗಂಟೆ ಮುಖ ತೊಳೆದ.

ಆಮೇಲೆ ಮುಂದಿನ ಚಕ್ರ ತಿರುಗಿಸುವ ಚಿಕ್ಕ ಮೋಟಾರು ಕೆಟ್ಟಿತು. ಅದಕ್ಕೆ ಸರ್ವೋ ಅನ್ನುತ್ತಾರೆ. ಬೇರೆ ತರಿಸಿದರೆ ಅದರ ಹಲ್ಲುಗಳ ಲೆಕ್ಕ ಬೇರೆ, ಕೂರಲಿಲ್ಲ. ಬಲದ ತೋಳು ಮುರಿದು ಬಲದ ತೋಳು ಕೇಳಿದರೆ, ಹನ್ನೊಂದು ದಿನ ಕಾಯಿಸಿ ಎಡದ ತೋಳು ಬಂತು. "ಎದುರಿಂದ ನೋಡಿ ಬಲ ಅಂದ್ರಾ, ಹಿಂದಿಂದ ನೋಡಿ ಬಲ ಅಂದ್ರಾ?" ಎಂದು ಫೋನಿನಲ್ಲಿ ಕೇಳಿದ ಬಿಡಿಭಾಗದ ಅಂಗಡಿಯವನಿಗೆ ಮಾಬ್ಲೇಶ್ವರ ಹೇಳಿದ ಮಾತು ಕೇಳಿ ಪಕ್ಕದಲ್ಲಿ ಕೂತ ಪ್ರಯಾಣಿಕರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಫೆಬ್ರವರಿಯ ಕೊನೆಯ ಭಾನುವಾರ ಅವನ ಮೊದಲ ರೇಸು. ಎಂಟು ಜನ ಬಂದಿದ್ದರು, ನಾಲ್ಕು ನಾಲ್ಕು ಜನರ ಎರಡು ಪಂಗಡ. ಒಂದು ರೇಸಿಗೆ ಆರು ನಿಮಿಷ. ಯಾರು ಹೆಚ್ಚು ಸುತ್ತು ಬರುತ್ತಾರೋ ಅವರು ಗೆದ್ದ ಹಾಗೆ. ಮಾಬ್ಲೇಶ್ವರನ ಗಾಡಿ ಎರಡನೆಯ ಸುತ್ತಿನಲ್ಲಿ ಮೂರು ಸಲ ಮಗುಚಿತು, ಮೂರನೆಯ ಸುತ್ತಿನಲ್ಲಿ ನಿಂತೇಹೋಯಿತು. ಬ್ಯಾಟರಿಯ ವೈರು ಸರಿಯಾಗಿ ಸಿಕ್ಕಿಸಿರಲಿಲ್ಲ. ಗಾಡಿ ಎತ್ತಿಕೊಂಡು ಟೆಂಪೋದ ಕಡೆ ಹೊರಟವನನ್ನು ನಿತ್ಯಾನಂದ ತಡೆದ.

"ಎಲ್ಲಿಗೆ? ಮುಂದಿನ ರೇಸಿಗೆ ನೀವು ಮಾರ್ಷಲ್."

"ಎಂತ ಮಾರ್ಷಲ್ಲು?"

"ನಮ್ಮ ರೇಸು ಮುಗಿದ ಮೇಲೆ ಮುಂದಿನವ್ರ ರೇಸಿಗೆ ನಾವು ಮೂಲೇಲಿ ನಿಲ್ಬೇಕು. ಮಗುಚಿದ ಗಾಡಿ ಎತ್ತಿ ನೆಟ್ಟಗೆ ಮಾಡುದು. ನಿಮ್ಮ ಗಾಡಿ ಮೂರು ಸಲ ಎತ್ತಿದ್ರಲ್ಲ, ಅವ್ರೂ ಹಾಂಗೇ ನಿಂತವ್ರು."

ಹೀಗೆ ಸೋತವನು ಸುಡುಬಿಸಿಲಿನಲ್ಲಿ, ಒಣಹುಲ್ಲು ಒಟ್ಟಿದ ಹುಲ್ಲುಕುತ್ತರಿಯ ಪಕ್ಕದ ಮೂಲೆಯಲ್ಲಿ ನಿಲ್ಲಬೇಕಾಯಿತು. ಮೊದಲು ಅಲ್ಲಿಗೆ ಬಂದು ಮಗುಚಿದ್ದು ಸುಮಿತಳ ಹಳದಿ ಗಾಡಿ. ಓಡಿಹೋಗಿ ಎತ್ತಿಟ್ಟ, ಬಂದ ದಿಕ್ಕಿಗೇ ಮುಖ ಮಾಡಿ. ಗಾಡಿ ಎದುರಿಂದ ಬರುತ್ತಿದ್ದ ಇನ್ನೊಂದು ಗಾಡಿಗೆ ಗುದ್ದಿ, ಎರಡೂ ಮಗುಚಿದವು.

"ಮಾಬ್ಲಣ್ಣಾ! ಕುಮಟಾಕ್ಕೆ ಹೋಗುವ ಗಾಡೀನ ಹೊನ್ನಾವರಕ್ಕೆ ತಿರುಗಿಸಿ ಇಡ್ತ್ರಲ್ಲ!" ಎಂದು ಸುಮಿತ ಅಟ್ಟದ ಮೇಲಿಂದ ಕೂಗಿದಳು. ಈ ಸಲ ಅವಳು ನಗುತ್ತಿರಲಿಲ್ಲ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು.

ಅವತ್ತು ಮನೆಗೆ ಬಂದವನು ಗಾಡಿಯನ್ನು ಗೋಣಿಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕಿದ. "ಸಾಕು. ಸತ್ರೂ ಮುಟ್ಟುದಿಲ್ಲ" ಎಂದ.

"ಒಳ್ಳೇದಾತು" ಎಂದಳು ಸೋಮಿ.

ನಿಜಕ್ಕೂ ಎರಡು ವಾರ ಮುಟ್ಟಲಿಲ್ಲ. ಆದರೆ ಒಂದು ಸಂಜೆ ಹೀಗಾಯಿತು. ಅವರ ಮನೆಯ ಓಣಿ ಬಹಳ ಕಿರಿದು. ಒಂದು ಬದಿ ಚರಂಡಿ, ಇನ್ನೊಂದು ಬದಿ ಪಕ್ಕದ ಮನೆಯವರ ಕಲ್ಲಿನ ಗೋಡೆ. ಟೆಂಪೋವನ್ನು ಅಂಗಳಕ್ಕೆ ತರಬೇಕಾದರೆ ರಿವರ್ಸಿನಲ್ಲೇ ತರಬೇಕು. ಅವನ ಬಲಬದಿಯ ಕನ್ನಡಿಗೆ ಗೋಡೆಯಷ್ಟೇ ಕಾಣುತ್ತದೆ. ಹಾಗಾಗಿ ಮದುವೆಯಾದಂದಿನಿಂದ ಸೋಮಿ ಓಣಿಯ ಬಾಯಿಗೆ ಬಂದು ಟೆಂಪೋದ ಮೂತಿಗೆ ಎದುರಾಗಿ ನಿಂತು ಕೈ ಮಾಡುತ್ತಿದ್ದಳು. ಟೆಂಪೋ ಹಿಂದೆ ಹಿಂದೆ ಸರಿದ ಹಾಗೆ ಅವಳು ಮುಂದೆ ಮುಂದೆ ಬರುತ್ತಿದ್ದಳು.

ಆ ಸಂಜೆಯೂ ಬಂದಳು. "ಬರ್ಲಿ, ಬರ್ಲಿ. ಬಲಕ್ಕೆ. ಇನ್ನೂ ಬಲಕ್ಕೆ. ಈಗ ಎಡಕ್ಕೆ ಮುರೀರಿ. ಆತು, ಸೀದಾ ಬರ್ಲಿ."

ಮಾಬ್ಲೇಶ್ವರ ಸ್ಟೇರಿಂಗು ತಿರುಗಿಸುತ್ತಿದ್ದವನು ತಟ್ಟನೆ ಬ್ರೇಕು ಹಾಕಿದ. ಸೋಮಿ ಅವನಿಗೆ ಎದುರಾಗಿ ನಿಂತಿದ್ದಳು. ಅವಳ ಬಲ ಅವನ ಎಡ. ಆದರೂ ಅವಳು ಹೇಳಿದ್ದು ಅವನ ಬಲವನ್ನು.

"ಏ ಸೋಮಿ, ನೀ ಬಲ ಅಂತ ಹೇಳುದು ಯಾರ ಬಲ?"

"ಯಾರ ಬಲ ಅಂದ್ರೆ? ಗಾಡಿಯ ಬಲ."

"ನೀ ಎದ್ರು ನಿಂತದ್ದಲ್ದಾ? ನಿಂಗೆ ಅದು ಎಡ ಆಗುದಿಲ್ವಾ?"

"ನನ್ನ ಎಡ–ಬಲ ಕಟ್ಕಂಡು ಗಾಡಿಗೆ ಎಂತ ಆಗ್ಬೇಕು? ಗೋಡೆಗೆ ತಾಗುದು ಗಾಡಿ, ನಾನಲ್ಲ. ನೀವು ಮೊದ್ಲು ಒಳಗೆ ಬನ್ನಿ, ಅಕ್ಕಿ ಒಲೆ ಮೇಲಿದೆ."

ಟೆಂಪೋ ಒಳಗೆ ಬಂತು. ಮಾಬ್ಲೇಶ್ವರ ಚಪ್ಪಲಿ ಬಿಡದೆ ಅಟ್ಟ ಹತ್ತಿ ಗೋಣಿಚೀಲ ಇಳಿಸಿದ. ಬ್ಯಾಟರಿಯಲ್ಲಿ ಚೂರು ಚಾರ್ಜು ಉಳಿದಿತ್ತು. ಎರಡು ತೆಂಗಿನಕಾಯಿ ಸಿಪ್ಪೆಯನ್ನು ಅಂಗಳದಲ್ಲಿ ದೂರದೂರ ಇಟ್ಟು, ಸೋಮಿಯ ಕೈಗೆ ರಿಮೋಟ್ ಕೊಟ್ಟ.

"ನಂಗೆ ಬೇಡ ನಿಮ್ಮ ಆಟ."

"ಒಂದೇ ಸಲ. ಆ ಸಿಪ್ಪೆ ಸುತ್ತು ಹಾಕಿ ಈ ಸಿಪ್ಪೆ ಸುತ್ತು ಬರ್ಬೇಕು."

ಸೋಮಿ ಕುದುರೆಯನ್ನು ಒಂದಿಷ್ಟೇ ಎಳೆದಳು. ಗಾಡಿ ಮುದುಕಿಯ ಹಾಗೆ ಹೊರಟಿತು. ಆಚೆಯ ಸಿಪ್ಪೆಯನ್ನು ಸುತ್ತಿತು. ಮುಖ ತಿರುಗಿಸಿ ಅವರ ಕಡೆಗೆ ಬಂತು. ಗಾಡಿ ಈಚೆಯ ಸಿಪ್ಪೆಯನ್ನೂ ಸುತ್ತಿ ಅವಳ ಕಾಲ ಬಳಿ ನಿಂತಿತು. "ಆತಾ?" ಎಂದು ರಿಮೋಟನ್ನು ಅವನ ಕೈಗೆ ಹಾಕಿ ಸೋಮಿ ಒಳಗೆ ಹೋದಳು. ಅವಳಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

ಬೆಳಿಗ್ಗೆ ಎದ್ದವನೇ ರಿಮೋಟಿನ ತಿರುಪನ್ನು ಅರ್ಧಕ್ಕಿಂತ ಕೆಳಗಿಟ್ಟ. ಅಂದಿನಿಂದ ಮೊದಲ ಟ್ರಿಪ್ಪಿಗೆ ಹೊರಡುವ ಮುಂಚೆ ಕಾಲು ಗಂಟೆ ಎರಡು ಸಿಪ್ಪೆಗಳ ಸುತ್ತ ಗಾಡಿ ಓಡಿಸುವುದು, ಸೋಮಿ ಅಂಗಳ ಗುಡಿಸುವುದು. ಗುಡಿಸುತ್ತಿದ್ದವಳು ತಲೆ ಎತ್ತದೆ ಹೇಳುತ್ತಿದ್ದಳು: "ತಪ್ತು." ಮತ್ತೆ ಸ್ವಲ್ಪ ಹೊತ್ತಿಗೆ, "ಮತ್ತೆ ತಪ್ತು. ಗಾಡಿ ಒಳಗೆ ಕೂತ್ಕಳಿ ಅಂದ್ರೆ. ಇಲ್ಲಿ ನಿಂತು ಓಡ್ಸುದಲ್ಲ."

"ಒಳಗೆ ಕೂರೂಕೆ ನಾನೆಂತ ಇಲಿಯಾ?"

"ಇಲಿ ಆದ್ರೂ ಇಷ್ಟು ಹೊತ್ತಿಗೆ ಕಲೀತಿತ್ತು."

ಅವಳ ಮಾತಿಗೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹತ್ತು ದಿನದಲ್ಲಿ "ತಪ್ತು" ಕಡಿಮೆಯಾಯಿತು. ಹದಿನೈದನೆಯ ದಿನ ಅಂಗಳ ಗುಡಿಸಿ ಮುಗಿಯುವವರೆಗೂ ಸೋಮಿ ಒಂದು ಮಾತೂ ಆಡಲಿಲ್ಲ. ಅವಳಿಗೆ ಹುಷಾರಿಲ್ಲವೇನೋ ಎಂದು ಮಾಬ್ಲೇಶ್ವರ ತಿರುಗಿ ನೋಡಿದ.

ಏಪ್ರಿಲಿನ ಮೊದಲ ರೇಸಿನಲ್ಲಿ ಅವನು ಆರು ನಿಮಿಷವೂ ಗಾಡಿ ಓಡಿಸಿದ. ಒಂದೇ ಸಲ ಮಗುಚಿದ. ನಾಲ್ಕು ಜನರಲ್ಲಿ ನಾಲ್ಕನೆಯವನಾಗಿ ಬಂದ. ಅಟ್ಟದಿಂದ ಇಳಿಯುವಾಗ ಯಾರಾದರೂ ಬೆನ್ನು ತಟ್ಟುತ್ತಾರೆಂದು ನೋಡಿದ, ಎಲ್ಲರೂ ಅವರವರ ಬ್ಯಾಟರಿ ಬದಲಿಸುತ್ತಿದ್ದರು. ಸುಮಿತ ಮಾತ್ರ, "ಮುಗ್ಸಿದ್ರಲ್ಲ, ಒಳ್ಳೇದಾತು. ಇನ್ನು ಯಾರನ್ನಾದ್ರೂ ಹಿಂದೆ ಹಾಕಿ" ಎಂದು ಹೇಳಿ ತನ್ನ ಗಾಡಿ ಎತ್ತಿಕೊಂಡು ಹೋದಳು.

ಅವತ್ತು ಮಾರ್ಷಲ್ ಆಗಿ ಹುಲ್ಲುಕುತ್ತರಿಯ ಮೂಲೆಯಲ್ಲಿ ನಿಂತಾಗ ಮಾಬ್ಲೇಶ್ವರ ಮೊದಲ ಬಾರಿಗೆ ಗಾಡಿಗಳನ್ನು ಸರಿಯಾಗಿ ಗಮನಿಸಿದ. ಜೋರಾಗಿ ಬಂದು ಮೂಲೆಯಲ್ಲೇ ಬ್ರೇಕು ಹಾಕಿದವರೆಲ್ಲ ಹೊರಕ್ಕೆ ಜಾರುತ್ತಿದ್ದರು. ಸುಮಿತಳ ಹಳದಿ ಗಾಡಿಯ ಸದ್ದು ಮಾತ್ರ ಮೂಲೆ ಬರುವುದಕ್ಕೆ ಎರಡು ಮಾರು ಮೊದಲೇ ತಗ್ಗುತ್ತಿತ್ತು. ತಗ್ಗಿ, ಒಳಗಿನ ಪೈಪನ್ನು ಸವರಿಕೊಂಡು ತಿರುಗಿ, ತಿರುಗಿದ ಮೇಲೆ ಮತ್ತೆ ಏರುತ್ತಿತ್ತು. ಅವನಿಗೆ ತನ್ನ ಮೇಲೇ ರೇಗಿತು. ಟೆಂಪೋದಲ್ಲಿ ಹನ್ನೆರಡು ಜನ ನಿಂತಿರುವಾಗ, ಅವರಲ್ಲೊಬ್ಬಳು ಬಸುರಿ ಇರುವಾಗ, ತಾನು ತಿರುವಿನಲ್ಲಿ ಮಾಡುವುದು ಇದನ್ನೇ ಅಲ್ಲವೇ? ಮೊದಲೇ ಕಾಲು ತೆಗೆಯುವುದು, ಯಾರೂ ಒಬ್ಬರ ಮೇಲೊಬ್ಬರು ಬೀಳದ ಹಾಗೆ ತಿರುಗಿಸುವುದು. ಕಾಲಿಗೆ ಗೊತ್ತಿದ್ದದ್ದನ್ನು ಬೆರಳಿಗೆ ಹೇಳಿಕೊಡಲು ಇಷ್ಟು ತಿಂಗಳು ಬೇಕಾಯಿತು!

ಮಾರನೆಯ ದಿನ ಟೆಂಪೋ ಹತ್ತಿದ ಸುಮಿತಳಿಗೆ ಅದನ್ನೇ ಹೇಳಿದ.

"ನಾನು ನಿಮ್ಮ ಹಿಂದಿನ ಸೀಟಲ್ಲಿ ಕೂತೇ ಕಲ್ತದ್ದು ಅಂತ ಹೇಳುವಾ ಅಂದ್ಕಂಡಿದ್ದೆ. ನೀವು ಸುಮ್ನೆ ಉಬ್ಬಿ ಹೋಗ್ತ್ರಿ ಅಂತ ಬಿಟ್ಟೆ" ಎಂದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಕೊನೆಯ ರೇಸು ಮೇ ತಿಂಗಳ ಮೂರನೆಯ ಭಾನುವಾರ. ಮಳೆ ಬಂದರೆ ಗದ್ದೆ ಕೆಸರು. ಅದೂ ಅಲ್ಲದೆ ಗದ್ದೆಯ ಯಜಮಾನಿ ಹನುಮಕ್ಕ ಗೊಬ್ಬರ ಹಾಕಬೇಕೆಂದು ತಗಾದೆ ಮಾಡುತ್ತಿದ್ದಳು. "ಮಧ್ಯಾಹ್ನದೊಳಗೆ ನಿಮ್ಮ ಪೈಪು ಎತ್ತದಿದ್ರೆ ಗೊಬ್ಬರ ನಿಮ್ಮ ಗಾಡಿ ಮೇಲೇ ಹಾಕ್ತೆ" ಎಂದು ಬೆಳಿಗ್ಗೆಯೇ ಹೇಳಿಹೋಗಿದ್ದಳು. ಅವತ್ತು ಸೋಮಿಯೂ ಬಂದಿದ್ದಳು. ರೇಸು ನೋಡಲು ಅಲ್ಲ, ಹಿರೇಗುತ್ತಿಯಲ್ಲಿ ಅವಳ ಚಿಕ್ಕಮ್ಮನ ಮನೆ ಇತ್ತು. ಆದರೂ ರೇಸಿನ ಹೊತ್ತಿಗೆ ಕೊಡೆ ಹಿಡಿದು ಗದ್ದೆಯ ಹಾಳಿಯ ಮೇಲೆ ಬಂದು ನಿಂತಳು.

ಚೀಟಿ ಎತ್ತಿ ಪಂಗಡ ಮಾಡಿದರು. ಮಾಬ್ಲೇಶ್ವರನ ಜೊತೆಗೆ ಬಂದವರು ಸುಮಿತ, ನಿತ್ಯಾನಂದ ಮತ್ತು ಗೋಕರ್ಣದ ಕಡೆಯ ಹೋಟೆಲಿನವನೊಬ್ಬ. ಶುರುವಿನಲ್ಲೇ ಸುಮಿತ ಮುಂದೆ ಹೋದಳು, ಅವಳ ಹಿಂದೆ ನಿತ್ಯಾನಂದ. ಮಾಬ್ಲೇಶ್ವರ ಮೂರನೆಯವನು. ಒಂದು ನಿಮಿಷ ಹೋಯಿತು, ಎರಡಾಯಿತು. ಗಾಡಿ ದೂರ ಹೋಯಿತು, ಎದುರು ಬಂತು, ಎಡ–ಬಲ ಎಂದು ಅವನು ಯೋಚಿಸಲೇ ಇಲ್ಲ. ನಾಲ್ಕನೆಯ ನಿಮಿಷದಲ್ಲಿ ನಿತ್ಯಾನಂದನ ಗಾಡಿ ದಿಬ್ಬ ಹಾರಿ ಬೆನ್ನ ಮೇಲೆ ಬಿತ್ತು. ಅಲ್ಲಿ ನಿಂತ ಮಾರ್ಷಲ್ ಫೋನು ನೋಡುತ್ತಿದ್ದ.

"ಎತ್ತಾ! ಏ, ಗಾಡಿ ಎತ್ತಾ! ಫೋನು ಆಮೇಲೆ ನೋಡು ಮಾರಾಯಾ!" ಎಂದು ನಿತ್ಯಾನಂದ ಅಟ್ಟದ ಹಲಗೆ ಅಲ್ಲಾಡುವ ಹಾಗೆ ಕುಣಿದ. ಅಷ್ಟರಲ್ಲಿ ಮಾಬ್ಲೇಶ್ವರ ಎರಡನೆಯವನಾಗಿದ್ದ.

ಒಂದೂವರೆ ನಿಮಿಷ ಎರಡನೆಯವನಾಗಿಯೇ ಓಡಿಸಿದ. "ಕಡೇ ಸುತ್ತು" ಎಂದು ಯಾರೋ ಕೂಗಿದರು. ಅದೇ ಹೊತ್ತಿಗೆ ಹಿಂದಿನಿಂದ ನಿತ್ಯಾನಂದನ ಗಾಡಿಯ ಸದ್ದು ಹತ್ತಿರವಾಗುತ್ತಿರುವುದು ಕೇಳಿಸಿತು. ಹುಲ್ಲುಕುತ್ತರಿಯ ಮೂಲೆ ಬಂತು. ಬೆರಳು ಬಿಡಬೇಕಿತ್ತು. ಬಿಡಲಿಲ್ಲ. ಗಾಡಿ ಹೊರಗಿನ ಪೈಪಿಗೆ ತಾಗಿ, ಎರಡು ಲಾಗ ಹಾಕಿ, ಚಕ್ರ ಮೇಲೆ ಮಾಡಿ ಬಿತ್ತು. ನಿತ್ಯಾನಂದ ದಾಟಿದ. ಮಾರ್ಷಲ್ ಓಡಿ ಬರುವಷ್ಟರಲ್ಲಿ ಹೋಟೆಲಿನವನೂ ದಾಟಿದ.

ಮತ್ತೆ ನಾಲ್ಕನೆಯವನು. ಈ ಸಲ ಯಾರೂ ನಗಲಿಲ್ಲ. ನಿತ್ಯಾನಂದ ಬೆನ್ನು ತಟ್ಟಿ, "ಚಲೋ ಹೊಡೆದ್ರಿ ಮಾಬ್ಲಣ್ಣ" ಎಂದ. ಅದರಿಂದ ಅವನಿಗೆ ಇನ್ನೂ ಹೆಚ್ಚು ಉರಿಯಿತು. ನಕ್ಕಿದ್ದರೆ ಬೈಯಬಹುದಿತ್ತು.

ಕೊಡೆ ಮಡಚುತ್ತ ಬಂದ ಸೋಮಿಗೆ ಅವನೇ ಮೊದಲು ಹೇಳಿದ: "ಗಾಡಿ ಜಾರ್ತು. ಅಲ್ಲಿ ನೀರು ಹೆಚ್ಚು ಹಾಕಿದ್ರು."

"ಗಾಡಿ ಜಾರ್ಲಿಲ್ಲ. ನೀವು ಬೆರಳು ಬಿಡ್ಲಿಲ್ಲ."

"ಇಷ್ಟು ದೂರ ನಿಂತು ನಿಂಗೆ ನನ್ನ ಬೆರಳು ಕಾಣ್ತದಾ?"

"ಬೆರಳು ಎಂತಕ್ಕೆ ಕಾಣ್ಬೇಕು? ಸದ್ದು ತಗ್ಗಲಿಲ್ವಲ್ಲ."

ಮಾಬ್ಲೇಶ್ವರ ಗಾಡಿಯನ್ನು ಬದಿಗಿಟ್ಟ. ಮುಂದಿನ ರೇಸಿಗೆ ಮಾರ್ಷಲ್ ನಿಂತ. ಗಾಡಿಗಳನ್ನು ಎತ್ತಿ ಸರಿಯಾದ ದಿಕ್ಕಿಗೆ ಇಟ್ಟ. ಎಲ್ಲ ಮುಗಿದು ಸಾಮಾನು ಕಟ್ಟತೊಡಗಿದಾಗ ನಿತ್ಯಾನಂದನ ಬಳಿ ಹೋಗಿ, "ಕುತ್ತರಿ ಬದಿಯ ಪೈಪು ಕಡೆಗೆ ತೆಗಿ. ನಂದೊಂದು ಬ್ಯಾಟರಿ ಉಳಿದಿದೆ" ಎಂದ.

"ಹನುಮಕ್ಕ ಬೈತಾಳೆ."

"ಬೈಲಿ."

ಹನುಮಕ್ಕ ಬೈದಳು. ಗೊಬ್ಬರದ ಬುಟ್ಟಿ ಹೊತ್ತ ಇಬ್ಬರು ಹೆಂಗಸರನ್ನು ಹಿಂದೆ ನಿಲ್ಲಿಸಿಕೊಂಡು, "ಗಂಡಸ್ರಿಗೆ ಬೇರೆ ಕೆಲಸ ಇಲ್ವನಾ? ಹೊತ್ತು ನೆತ್ತಿ ಮೇಲೆ ಬಂತು" ಎಂದು ಕೂಗಿದಳು. ಅತ್ತ ಅಟ್ಟದ ಒಂದು ಹಲಗೆಯನ್ನು ಆಗಲೇ ತೆಗೆದಿದ್ದರು. ಉಳಿದ ಹಲಗೆಯ ಮೇಲೆ ನಿಂತು ಮಾಬ್ಲೇಶ್ವರ ಆ ಒಂದು ಮೂಲೆಗೆ ಗಾಡಿ ಬಿಟ್ಟ. ಮೊದಲೇ ಬೆರಳು ತೆಗೆದ. ಗಾಡಿ ತಿರುಗಿತು. ಮತ್ತೆ ಬಿಟ್ಟ, ಮತ್ತೆ ತಿರುಗಿತು. ಐದು ಸಲ, ಆರು ಸಲ. ಪ್ರತಿ ಸಲವೂ ಸರಿಯಾಗಿ ತಿರುಗಿದಷ್ಟೂ ಅವನ ಸಿಟ್ಟು ಹೆಚ್ಚುತ್ತಿತ್ತು. ಈಗ ತಿರುಗುತ್ತದಲ್ಲ! ಆಗ ಏನಾಗಿತ್ತು ಇದಕ್ಕೆ? ಆ ಸಿಟ್ಟಿನಲ್ಲೇ ಏಳನೆಯ ಸಲ ಬೆರಳು ತಡವಾಯಿತು. ಗಾಡಿ ಮಗುಚಿತು.

ಮಾರ್ಷಲ್ ಯಾರೂ ಉಳಿದಿರಲಿಲ್ಲ. ಮಾಬ್ಲೇಶ್ವರ ರಿಮೋಟ್ ಕೆಳಗಿಡುವಷ್ಟರಲ್ಲಿ ಸೋಮಿ ಸೀರೆಯ ನೆರಿಗೆ ಎತ್ತಿಕೊಂಡು ಕೂಳೆ ತುಳಿಯುತ್ತ ಅಲ್ಲಿಗೆ ನಡೆದಿದ್ದಳು. ಗಾಡಿ ಎತ್ತಿ ತಿರುಗಿಸಿ ನೋಡಿದಳು. ಹಿಂದಿನ ಚಕ್ರಕ್ಕೆ ಸುತ್ತಿಕೊಂಡ ಹುಲ್ಲನ್ನು ಉಗುರಿನಿಂದ ಎಳೆದು ತೆಗೆದಳು. ಆಮೇಲೆ ಅದನ್ನು ನೆಲಕ್ಕಿಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು.

"ಹ್ಞೂಂ, ಹೊಡೀರಿ. ಇದೇ ಕಡೇದು. ಚಿಕ್ಕಮ್ಮ ಊಟಕ್ಕೆ ಕಾಯ್ತಾ ಇದ್ದಾರೆ."

ಗಾಡಿ ಅಟ್ಟದ ಬುಡದವರೆಗೆ ಬಂದು, ತಿರುಗಿ, ಮತ್ತೆ ಮೂಲೆಯ ಕಡೆಗೆ ಓಡಿತು. ಎರಡು ಮಾರು ಮೊದಲೇ ಸದ್ದು ತಗ್ಗಿತು. ಒಳಗಿನ ಪೈಪಿಗೆ ತಾಗಿಯೂ ತಾಗದ ಹಾಗೆ ಗಾಡಿ ತಿರುಗಿ, ಸೋಮಿಯ ಕಾಲ ಪಕ್ಕದಿಂದ ಹಾದು, ಅವನ ಕಡೆಗೆ ನೆಟ್ಟಗೆ ಬಂತು.

"ಆತಲ್ಲ?" ಎಂದಳು ಸೋಮಿ.

"ಇನ್ನೊಂದೇ ಒಂದು" ಎಂದ ಮಾಬ್ಲೇಶ್ವರ.

ಹನುಮಕ್ಕ ಗೊಬ್ಬರದ ಬುಟ್ಟಿಯನ್ನು ದೊಪ್ಪೆಂದು ಕೆಳಗೆ ಕುಕ್ಕಿದಳು. ಸೋಮಿ ಹಣೆ ಚಚ್ಚಿಕೊಂಡು, ಮಡಚಿದ ಕೊಡೆಯನ್ನು ಮತ್ತೆ ಬಿಚ್ಚಿದಳು.